ಮಾರ್ಚ್ ತಿಂಗಳ ಖರೀದಿ

ಬೆಂಗಳೂರು, 11 ಮಾರ್ಚ್ 2025, ಮಂಗಳವಾರ

ಕಳೆದ ಶುಕ್ರವಾರ ವಿಧಾನಸಭೆಯಲ್ಲಿ 2025-26ನೇ ಸಾಲಿನ ಆಯವ್ಯಯ ಮಂಡನೆಯಾಯಿತು. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ನಾನು ಲೆಕ್ಕಪತ್ರ ಇಲಾಖೆಯಿಂದ ನಿವೃತ್ತನಾದವನಾದ್ದರಿಂದ, ಭಾಷಣಕ್ಕಿಂತ ಅದರ ಜೊತೆಗೆ ಬರುವ ದಪ್ಪ ಸಂಪುಟಗಳ ಮೇಲೆಯೇ ನನಗೆ ಆಸಕ್ತಿ ಹೆಚ್ಚು. ಇಲಾಖಾವಾರು ಅನುದಾನದ ಕೋರಿಕೆಗೆ ಅಲ್ಲಿ ‘ಬೇಡಿಕೆ’ ಎನ್ನುತ್ತಾರೆ. ಅವುಗಳಲ್ಲಿಯೂ ಮೊದಲು ತೆರೆಯುವುದು ಐದನೇ ಬೇಡಿಕೆಯನ್ನು, ಅಂದರೆ ಒಳಾಡಳಿತ ಮತ್ತು ಸಾರಿಗೆಯನ್ನು. ಅಲ್ಲಿ 2055 ಎಂಬ ಲೆಕ್ಕ ಶೀರ್ಷಿಕೆಯಡಿ ಪೊಲೀಸ್ ಇಲಾಖೆಯ ದಿನನಿತ್ಯದ ರಾಜಸ್ವ ವೆಚ್ಚವೂ, 4055ರಡಿ ಬಂಡವಾಳ ವೆಚ್ಚವೂ ಇರುತ್ತವೆ. ಮೊದಲನೆಯದರಲ್ಲಿ ಸಿಂಹಪಾಲು ಸಂಬಳ ಮತ್ತು ಭತ್ಯೆಗಳಿಗೆ ಹೋಗುತ್ತದೆ. ಇಂಧನ, ದುರಸ್ತಿ, ಕಾಗದ, ಬ್ಯಾಟರಿ, ಟೈರುಗಳೆಲ್ಲ ಉಳಿದದ್ದರಲ್ಲಿಯೇ ಆಗಬೇಕು.

ಈ ವಿಷಯ ಇಂದು ಬರೆಯಲು ಕಾರಣವಿದೆ. ನಗರದಲ್ಲಿರುವ ಒಂದು ಕಾನೂನು ಪಾಲನಾ ಘಟಕ ತನ್ನ ಖರೀದಿ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಲು ಹೊರಟಿದ್ದು, ಹಳೆಯ ಕಡತಗಳನ್ನು ನೋಡಿ ಟಿಪ್ಪಣಿ ಬರೆದುಕೊಡಿ ಎಂದು ಕೇಳಿದೆ. ಘಟಕದ ಹೆಸರು ಇಲ್ಲಿ ಬೇಡ. ಇದೇ ಕಥೆ ಹತ್ತಾರು ಕಚೇರಿಗಳದ್ದು.

ಇಂದು ನೋಡಿದ್ದು ವಾಕಿಟಾಕಿ ಖರೀದಿಯ ಕಡತ. ಉಗ್ರಾಣದಿಂದ ಇಂಡೆಂಟ್, ಅಂದರೆ ಸರಕು ಬೇಕೆಂಬ ಕೋರಿಕೆ ಪತ್ರ, ಹೋದದ್ದು ಜೂನ್‌ನಲ್ಲಿ. ಜುಲೈನಲ್ಲಿ ಮೇಲಧಿಕಾರಿಯೊಬ್ಬರು ಟಿಪ್ಪಣಿ ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯಿಂದ ‘ಚರ್ಚಿಸಿ’ ಎಂದು ಬರೆದಿದ್ದಾರೆ. ಚರ್ಚೆ ನಡೆದ ದಾಖಲೆ ಇಲ್ಲ, ಆದರೆ ಕಡತ ಮತ್ತೆ ಅಲುಗಾಡಿದ್ದು ಸೆಪ್ಟೆಂಬರ್ ಕೊನೆಗೆ. ನಂತರ ತಾಂತ್ರಿಕ ವಿವರಣೆಯ ಬಗ್ಗೆ ಆಕ್ಷೇಪಣೆ, ಅದಕ್ಕೆ ಸಮಜಾಯಿಷಿ, ಮತ್ತೊಂದು ಆಕ್ಷೇಪಣೆ. ಡಿಸೆಂಬರ್‌ನಲ್ಲಿ ಆಡಳಿತಾತ್ಮಕ ಅನುಮೋದನೆ ಸಿಕ್ಕಿ, ಫೆಬ್ರವರಿಯಲ್ಲಿ ಟೆಂಡರ್ ಕರೆಯಲಾಯಿತು. ಮಾರ್ಚ್ 31ರೊಳಗೆ ಬಿಲ್ ಖಜಾನೆ ಸೇರದಿದ್ದರೆ ಅನುದಾನ ವ್ಯಪಗತವಾಗುತ್ತದೆ, ಅಂದರೆ ಆ ಹಣ ಕೈತಪ್ಪುತ್ತದೆ. ಎಂಟು ತಿಂಗಳು ಮಲಗಿದ್ದ ಕಡತ ಕೊನೆಯ ಆರು ವಾರ ಓಡತೊಡಗಿತು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬಂದದ್ದು 1999ರಲ್ಲಿ. ಮರುವರ್ಷದ ನಿಯಮಗಳು ಮೂಲತಃ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದು ಹೇಳಿದ್ದವು. ಟೆಂಡರ್ ಕರೆಯುವ ಅಧಿಕಾರಿಗಿಂತ ಮೇಲಿನವರು ಕಾರಣವನ್ನು ಲಿಖಿತವಾಗಿ ದಾಖಲಿಸಿ ಈ ಅವಧಿಯನ್ನು ಕಡಿಮೆ ಮಾಡಬಹುದೆಂಬ ಅವಕಾಶವನ್ನೂ ಇಟ್ಟಿದ್ದವು. ನಿಜವಾದ ತುರ್ತಿಗೆಂದು ಇಟ್ಟ ಈ ಕಿಂಡಿಯಲ್ಲಿ ಫೆಬ್ರವರಿ ಬಂದೊಡನೆ ಎಲ್ಲ ಕಡತಗಳೂ ನುಸುಳತೊಡಗುತ್ತವೆ. ಬರೆಯುವ ಕಾರಣ ಒಂದೇ: ಆರ್ಥಿಕ ವರ್ಷ ಮುಗಿಯುತ್ತಿದೆ. ವರ್ಷ ಮಾರ್ಚ್‌ನಲ್ಲಿ ಮುಗಿಯುತ್ತದೆಂಬುದು ಏಪ್ರಿಲ್‌ನಲ್ಲಿ ಯಾರಿಗೂ ತಿಳಿದಿರಲಿಲ್ಲವೇ ಎಂದು ಕೇಳುವವರಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷಾಂತ್ಯದ ಈ ಖರ್ಚಿನ ಧಾವಂತವನ್ನು ಆರ್ಥಿಕ ಔಚಿತ್ಯದ ಉಲ್ಲಂಘನೆ ಎಂದೇ ಕರೆದಿವೆ.

ಪೊಲೀಸ್ ಖರೀದಿ ಎಂದರೆ ಜನರ ಮನಸ್ಸಿಗೆ ಮೊದಲು ಬರುವುದು ಲಂಚ. ಅದು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬನೂ ಒಂದು ರೂಪಾಯಿ ಮುಟ್ಟದಿದ್ದರೂ ಈ ಕಡತದ ಖರೀದಿ ಕೆಟ್ಟದಾಗಿಯೇ ಆಗುತ್ತಿತ್ತು. ಅಲ್ಪಾವಧಿಯ ಟೆಂಡರಿಗೆ ಬರುವವರು ಸರಕನ್ನು ಆಗಲೇ ಗೋದಾಮಿನಲ್ಲಿ ಇಟ್ಟುಕೊಂಡವರು ಮಾತ್ರ. ಒಳ್ಳೆಯ ತಯಾರಕರಿಗೆ ಅಷ್ಟರೊಳಗೆ ಮಾದರಿಯನ್ನು ಪರೀಕ್ಷೆಗೆ ಕೊಡಲೂ ಆಗುವುದಿಲ್ಲ. ಸ್ಪರ್ಧೆ ಇಲ್ಲದ ಮೇಲೆ ದರವೂ ಅವರದೇ, ಷರತ್ತೂ ಅವರದೇ. ಸರಕು ಬರುವುದು ತಡವಾದರೆ ಹಣವನ್ನು ಖಜಾನೆಯಿಂದ ತೆಗೆದು ಠೇವಣಿ ಖಾತೆಯಲ್ಲಿ ಇಟ್ಟು ‘ಖರ್ಚಾಗಿದೆ’ ಎಂದು ತೋರಿಸುವ ಹಳೆಯ ಉಪಾಯವಿದೆ. ಲೆಕ್ಕಪರಿಶೋಧನೆ ಮಾಡುವ ಮಹಾಲೇಖಪಾಲರ ಕಚೇರಿಯವರು ಅದಕ್ಕೆ ಆಕ್ಷೇಪಣೆ ಬರೆಯುತ್ತಾರೆ, ಮರುವರ್ಷ ಮತ್ತದೇ ನಡೆಯುತ್ತದೆ.

ಮಧ್ಯಾಹ್ನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಕಬ್ಬಿಣದ ಕಪಾಟಿನಲ್ಲಿ ಹಿಂದಿನ ಖರೀದಿಯ ಸೆಟ್ಟುಗಳು ಸಾಲಾಗಿ ಕುಳಿತಿದ್ದವು, ಬೆನ್ನ ಹಿಂದಿನ ಬ್ಯಾಟರಿಯ ಜಾಗ ಖಾಲಿ. ಕೆಲವಕ್ಕೆ ಬ್ಯಾಟರಿ ಇದ್ದರೂ ಉಬ್ಬಿಕೊಂಡು ಮುಚ್ಚಳ ಕೂರುತ್ತಿರಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿದ್ದರು. ಉಗ್ರಾಣ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಹೇಳಿದರು: “ಸೆಟ್ ಕೇಳಿದ್ರೆ ಕೊಡ್ತಾರೆ ಸರ್, ಬ್ಯಾಟರಿ ಕೇಳಿದ್ರೆ ಹೆಡ್ ಇಲ್ಲ ಅಂತಾರೆ.” ಹೆಡ್ ಎಂದರೆ ಲೆಕ್ಕ ಶೀರ್ಷಿಕೆ. ನಾನು ಬರೆಯಬೇಕೆಂದಿದ್ದ ಅರ್ಧ ಟಿಪ್ಪಣಿ ಆ ಮಾತಿನಲ್ಲಿಯೇ ಇತ್ತು.

ಸೆಟ್ಟು ಬರುವುದು ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯಿಂದ. 1969-70ರಿಂದ ನಡೆದುಬಂದಿರುವ ಈ ಯೋಜನೆಯನ್ನು ಒಳಗೊಂಡ ಸಮಗ್ರ ಯೋಜನೆಗೆ ಕೇಂದ್ರವು 2021-22ರಿಂದ 2025-26ರವರೆಗೆ ಇಡೀ ದೇಶಕ್ಕೆ 26,275 ಕೋಟಿ ರೂಪಾಯಿ ನಿಗದಿ ಮಾಡಿತ್ತು. ಬ್ಯಾಟರಿ, ದುರಸ್ತಿ, ವಾರ್ಷಿಕ ನಿರ್ವಹಣೆಯ ಗುತ್ತಿಗೆಗಳಿಗೆ ಮಾತ್ರ ರಾಜ್ಯದ ರಾಜಸ್ವ ಲೆಕ್ಕದಲ್ಲಿ ಜಾಗ ಹುಡುಕಬೇಕು. ಒಂದು ಪ್ರಸ್ತಾವವನ್ನು ಯೋಜನಾ ಶಾಖೆ ಬರೆಯುತ್ತದೆ, ಇನ್ನೊಂದನ್ನು ಲೆಕ್ಕಪತ್ರ ಶಾಖೆ ಬರೆಯುತ್ತದೆ. ಎರಡೂ ಒಂದೇ ಮಹಡಿಯಲ್ಲಿದ್ದರೂ ಒಂದರ ಹಾಳೆ ಇನ್ನೊಂದರ ಮೇಜಿಗೆ ಹೋಗುವುದಿಲ್ಲ. ರಾಜಸ್ವ ಅಂದಾಜನ್ನು ಹೇಗೆ ತಯಾರಿಸುತ್ತೀರಿ ಎಂದು ಕೇಳಿದರೆ, ಹೋದ ವರ್ಷದ ಮೊತ್ತಕ್ಕೆ ಶೇಕಡಾ 10 ಸೇರಿಸುತ್ತೇವೆ ಎಂಬ ಉತ್ತರ ಸಂಕೋಚವಿಲ್ಲದೆ ಬಂತು.

ಮುಂದಾಲೋಚನೆಯ ಈ ಕೊರತೆಗೆ ವಾಹನಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಸಾಕ್ಷ್ಯವಿದೆ. 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆ 2023ರ ಜನವರಿಯಲ್ಲಿ ಹೊರಟು ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾನೂನು ಸುವ್ಯವಸ್ಥೆಗೆ ಬಳಸುವ ಶಸ್ತ್ರಸಜ್ಜಿತ ಮತ್ತಿತರ ವಿಶೇಷ ವಾಹನಗಳಿಗೆ ವಿನಾಯಿತಿ ಇತ್ತೇ ಹೊರತು ಠಾಣೆಯ ಸಾಮಾನ್ಯ ಜೀಪಿಗೆ ಇರಲಿಲ್ಲ. ನಿಯಮ ಹಠಾತ್ತಾಗಿ ಬಂತೆಂಬುದು ನಿಜ. ಆದರೆ ಯಾವ ಜೀಪು ಯಾವ ವರ್ಷದ್ದು, ಮುಂದಿನ ಐದು ವರ್ಷಗಳಲ್ಲಿ ಎಷ್ಟು ಬದಲಾಗಬೇಕು ಎಂಬ ಪಟ್ಟಿ ಸಿದ್ಧವಿದ್ದ ಕಚೇರಿಗೆ ಅದು ಹೆಚ್ಚುವರಿ ಅನುದಾನದ ಪ್ರಶ್ನೆ ಮಾತ್ರವಾಗುತ್ತಿತ್ತು. ನಾನು ನೋಡಿದ ಘಟಕದಲ್ಲಿ ಆ ಪಟ್ಟಿಯನ್ನು ಅಧಿಸೂಚನೆ ಬಂದ ಮೇಲೆ ತಯಾರಿಸಲಾಗಿತ್ತು.

ತಾಂತ್ರಿಕ ವಿವರಣೆಯ ಜಗಳಗಳು ತಪ್ಪಬೇಕಾದರೆ ಮಾನದಂಡವೇ ಹೊರಗಿನಿಂದ ಬರುವುದು ಒಳ್ಳೆಯದು. ಗುಂಡು ನಿರೋಧಕ ಜಾಕೆಟ್ಟುಗಳಿಗೆ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಐಎಸ್ 17051 ಮಾನಕವನ್ನು ಪ್ರಕಟಿಸಿದ ಮೇಲೆ, ಒಬ್ಬ ಪೂರೈಕೆದಾರನ ಕ್ಯಾಟಲಾಗನ್ನೇ ನೋಡಿ ಷರತ್ತು ಬರೆಯುವ ನೆವ ಹೋಯಿತು.

ಸಣ್ಣ ಖರ್ಚಿನ ಕಡೆಗೆ ಬಂದರೆ, 2014ರಲ್ಲಿ ತೆಲಂಗಾಣ ಮಾಡಿದ್ದನ್ನು ನಾನು ಮೆಚ್ಚುತ್ತೇನೆ. ಹೈದರಾಬಾದ್ ನಗರದ ಠಾಣೆಗೆ ತಿಂಗಳಿಗೆ 75,000, ಜಿಲ್ಲಾ ಕೇಂದ್ರದ ಠಾಣೆಗೆ 50,000, ಗ್ರಾಮಾಂತರ ಠಾಣೆಗೆ 25,000 ರೂಪಾಯಿ ನಿರ್ವಹಣಾ ವೆಚ್ಚ ಕೊಡುವುದಾಗಿ ಅಲ್ಲಿನ ಸರ್ಕಾರ ಘೋಷಿಸಿತು. ಠಾಣಾಧಿಕಾರಿಯ ಕೈಯಲ್ಲಿ ಕಾಗದಕ್ಕೆ, ಜೆರಾಕ್ಸಿಗೆ, ಬಂಧಿತನ ಊಟಕ್ಕೆ ಹಣವಿಲ್ಲದಿದ್ದರೆ ಆ ಖರ್ಚು ದೂರುದಾರನ ಜೇಬಿಗೋ ಬಡಾವಣೆಯ ‘ದೊಡ್ಡವರ’ ಔದಾರ್ಯಕ್ಕೋ ಹೋಗಿ ಬೀಳುತ್ತದೆ. ಈ ಎರಡನೆಯದರ ಬೆಲೆ ಯಾವ ಆಯವ್ಯಯದಲ್ಲಿಯೂ ಕಾಣುವುದಿಲ್ಲ.

ಸಂಜೆ ಟಿಪ್ಪಣಿಯ ಕರಡನ್ನು ಅಲ್ಲಿನ ಹಣಕಾಸು ಅಧಿಕಾರಿಯವರ ಮುಂದಿಟ್ಟೆ. ಬೇಡಿಕೆ ಸಲ್ಲಿಸುವ ಮೊದಲು ದಾಸ್ತಾನಿನ ಭೌತಿಕ ಪರಿಶೀಲನೆ ಆಗಿರಬೇಕು. ಯಾವುದೇ ಉಪಕರಣದ ಇಂಡೆಂಟ್‌ನಲ್ಲಿ ಐದು ವರ್ಷದ ನಿರ್ವಹಣಾ ವೆಚ್ಚವೂ ಅದೇ ಹಾಳೆಯಲ್ಲಿರಬೇಕು. ತಾಂತ್ರಿಕ ವಿವರಣೆ ಫೆಬ್ರವರಿಯೊಳಗೆ ಅಂತಿಮವಾಗಿ, ಏಪ್ರಿಲ್‌ನಲ್ಲಿ ಟೆಂಡರ್ ಕರೆಯಬೇಕು. ಅವರು ನಗುತ್ತ, “ಸರ್, ಹಣ ಬಿಡುಗಡೆ ಆಗೋದೇ ಕಂತಿನಲ್ಲಿ. ಏಪ್ರಿಲ್‌ನಲ್ಲಿ ಟೆಂಡರ್ ಕರೆದು, ಕಂತು ಬಾರದೆ ಕೂತರೆ ದರದ ಸಿಂಧುತ್ವ ಮುಗಿದುಹೋಗುತ್ತೆ,” ಎಂದರು. ಆಕ್ಷೇಪಣೆ ನ್ಯಾಯವಾದದ್ದೇ. ತಾಂತ್ರಿಕ ಮೌಲ್ಯಮಾಪನದವರೆಗಿನ ಕೆಲಸವನ್ನು ಬಿಡುಗಡೆಗೆ ಕಾಯದೆ ಮುಗಿಸಿ, ಸಿಂಧುತ್ವದ ಅವಧಿಯನ್ನು, ಅಂದರೆ ಪೂರೈಕೆದಾರ ತನ್ನ ದರಕ್ಕೆ ಬದ್ಧನಾಗಿರಬೇಕಾದ ಕಾಲವನ್ನು, ಮೊದಲೇ ಹೆಚ್ಚಾಗಿ ಕೇಳಬಹುದಲ್ಲ ಎಂದೆ. ದರ ಸ್ವಲ್ಪ ಏರಬಹುದು, ಆದರೆ ಮಾರ್ಚ್ ತಿಂಗಳ ದರಕ್ಕಿಂತ ಅಗ್ಗವೇ ಆಗುತ್ತದೆ. ನಿರ್ವಹಣಾ ವೆಚ್ಚದ ಕಾಲಮಿಗೆ ಅವರು ಕೂಡಲೇ ಒಪ್ಪಿದರು. ಏಪ್ರಿಲ್ ಟೆಂಡರಿಗೆ ಮೇಲಿನ ಆದೇಶ ಬೇಕೆಂದೂ, ಕರಡು ಆದೇಶವನ್ನು ನಾನೇ ಬರೆದುಕೊಟ್ಟರೆ ಕಡತ ಮಂಡಿಸುವುದಾಗಿಯೂ ಹೇಳಿದರು. ಗುರುವಾರದೊಳಗೆ ಬರೆದು ಕೊಡಬೇಕು. ಕಡತ ಯಾರ ಮೇಜಿನಲ್ಲಿಯೂ ಹತ್ತು ದಿನಕ್ಕಿಂತ ಹೆಚ್ಚು ಇರಕೂಡದೆಂಬ ಒಂದು ಖಂಡಿಕೆಯನ್ನೂ ಅದಕ್ಕೆ ಸೇರಿಸುತ್ತಿದ್ದೇನೆ.