ಹಚ್ಚೆ ಹಾಕಿಸಿಕೊಂಡರೆ ಮುಂದೆ ಚಿಕಿತ್ಸೆಗೆ ತೊಡಕಾಗುತ್ತದೆಯೇ?

ಬೆನ್ನಿನ ಮೇಲೆ ಹಚ್ಚೆಯಿದ್ದರೆ ಹೆರಿಗೆಯ ಸಮಯದಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಡುವುದಿಲ್ಲವಂತೆ, ಎಂಆರ್‌ಐ ಮಾಡಿಸಿದರೆ ಹಚ್ಚೆ ಸುಟ್ಟುಹೋಗುತ್ತದಂತೆ, ನಿಜವೇ? ನಾನು ಅರಿವಳಿಕೆ ವೈದ್ಯೆ ಎಂದು ತಿಳಿದ ಕೂಡಲೇ ಬಹಳ ಜನ ಕೇಳುವ ಪ್ರಶ್ನೆಯಿದು. ಹಚ್ಚೆಯ ಕಾರಣಕ್ಕೆ ಚಿಕಿತ್ಸೆಯೇ ತಪ್ಪಿಹೋಗುವುದು ತೀರಾ ಅಪರೂಪ. ಆದರೆ ಚರ್ಮದೊಳಗಿನ ಬಣ್ಣ ವೈದ್ಯರ ಕಣ್ಣಿಗೆ ಕಾಣಬೇಕಾದದ್ದನ್ನು ಮರೆಮಾಡಬಹುದು, ಇಲ್ಲದ ರೋಗವನ್ನು ಇರುವಂತೆ ತೋರಿಸಲೂಬಹುದು. ಜನರು ಹೆದರಿಕೊಳ್ಳುವ ಸಂಗತಿಗಳಿಗಿಂತ ಇದರ ಬಗ್ಗೆ ತಿಳಿದುಕೊಳ್ಳುವುದು ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆನ್ನಿನ ಇಂಜೆಕ್ಷನ್ ವಿಚಾರ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್‌ನ ಸೂಜಿಯು ಹಚ್ಚೆಯ ಮೂಲಕ ಹಾದುಹೋಗುವಾಗ ಬಣ್ಣದ ಕಣವನ್ನು ಕೊರೆದುಕೊಂಡು ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಒಯ್ಯಬಹುದು ಎಂಬ ಆತಂಕ ಹಳೆಯದು. ಇದರಿಂದ ದೊಡ್ಡ ಹಾನಿಯಾದದ್ದು ಖಚಿತವಾಗಿ ಸಾಬೀತಾಗಿಲ್ಲವಾದರೂ ನಾವು ಎಚ್ಚರಿಕೆ ವಹಿಸುತ್ತೇವೆ. ಬೆನ್ನುಮೂಳೆಯ ಸಾಲಿನ ಮೇಲೆ ಬೆರಳಾಡಿಸಿ, ಹಚ್ಚೆಯ ಗೆರೆಗಳ ನಡುವೆ ಬಣ್ಣವಿಲ್ಲದ ಸಣ್ಣ ಜಾಗವನ್ನು ಹುಡುಕುತ್ತೇವೆ. ಸಿಗದಿದ್ದರೆ ಒಂದು ಮೂಳೆಯಷ್ಟು ಮೇಲೆ ಅಥವಾ ಕೆಳಗೆ ಹೋಗುತ್ತೇವೆ, ಇಲ್ಲವೇ ನಡುಸಾಲಿನಿಂದ ತುಸು ಪಕ್ಕಕ್ಕೆ ಸರಿದು ಓರೆಯಾಗಿ ಚುಚ್ಚುತ್ತೇವೆ. ಅದೂ ಆಗದಿದ್ದರೆ ಮರಗಟ್ಟಿಸಿದ ಚರ್ಮದಲ್ಲಿ ಸೂಜಿ ಹೋಗುವಷ್ಟು ಚಿಕ್ಕ ಗೀರು ಮಾಡಿಕೊಂಡರೆ ಸೂಜಿಯ ತುದಿಗೆ ಬಣ್ಣ ಅಂಟುವ ಸಾಧ್ಯತೆ ಕಡಿಮೆಯಾಗುತ್ತದೆ. ಸೂಜಿಯ ಟೊಳ್ಳಿನೊಳಗೆ ಒಂದು ಕಡ್ಡಿಯೂ ಇರುವುದರಿಂದ ಚರ್ಮದ ಚೂರು ಒಳಸೇರುವುದು ಸುಲಭವಲ್ಲ. ಹಚ್ಚೆಯ ಗಾಯ ಇನ್ನೂ ಮಾಯದಿದ್ದರೆ ಅಥವಾ ಅಲ್ಲಿ ಸೋಂಕಿದ್ದರೆ ಮಾತ್ರ ಆ ಜಾಗದ ಮೂಲಕ ಚುಚ್ಚುವುದನ್ನು ತಪ್ಪಿಸುತ್ತೇವೆ.

ಎಂಆರ್‌ಐ ಬಗೆಗಿನ ಭಯಕ್ಕೂ ಆಧಾರವಿಲ್ಲದಿಲ್ಲ. ಕೆಲವು ಬಣ್ಣಗಳಲ್ಲಿ, ಹುಬ್ಬು ಮತ್ತು ಕಣ್ಣಂಚಿಗೆ ಹಾಕಿಸಿಕೊಳ್ಳುವ ಶಾಶ್ವತ ಮೇಕಪ್‌ನಲ್ಲಿಯೂ, ಕಬ್ಬಿಣದ ಆಕ್ಸೈಡ್ ಇರುತ್ತದೆ. ಯಂತ್ರದ ರೇಡಿಯೋ ಅಲೆಗಳಿಂದ ಅದು ಬಿಸಿಯಾಗಿ ಉರಿ ಅಥವಾ ಊತ ಉಂಟಾದ ಉದಾಹರಣೆಗಳಿವೆ. ಆದರೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 330 ಜನರ 932 ಹಚ್ಚೆಗಳನ್ನು ಗಮನಿಸಿದಾಗ, ಹಚ್ಚೆಗೆ ಸಂಬಂಧಿಸಿದ ತೊಂದರೆ ಕಂಡದ್ದು ಒಬ್ಬರಲ್ಲಿ ಮಾತ್ರ, ಅದೂ ಸೌಮ್ಯವಾಗಿ. ಬಹಳ ದೊಡ್ಡ ಹಚ್ಚೆಗಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಸ್ಕ್ಯಾನ್‌ಗೆ ಮುನ್ನ ತಂತ್ರಜ್ಞರಿಗೆ ಹಚ್ಚೆಯ ವಿಷಯ ಹೇಳಿ. ಅಗತ್ಯವಿದ್ದರೆ ಅವರು ಅದರ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಡುತ್ತಾರೆ. ಒಳಗಿರುವಾಗ ಉರಿ ಎನಿಸಿದರೆ ಸಹಿಸಿಕೊಂಡು ಸುಮ್ಮನಿರದೆ ಕೂಡಲೇ ಕೈಯಲ್ಲಿರುವ ಕರೆಗುಂಡಿಯನ್ನು ಒತ್ತಿ. ಬೇಕಾದ ಸ್ಕ್ಯಾನನ್ನು ಹಚ್ಚೆಗೆ ಹೆದರಿ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ದುಗ್ಧಗ್ರಂಥಿಗಳ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಲಿಂಫ್ ಗ್ರಂಥಿಗಳ ವಿಷಯ, ಆದರೆ ಇದನ್ನು ಯಾರೂ ಕೇಳುವುದಿಲ್ಲ. ಹಚ್ಚೆಯ ಬಣ್ಣವೆಲ್ಲವೂ ಚರ್ಮದಲ್ಲಿಯೇ ಉಳಿಯುವುದಿಲ್ಲ. ದೇಹದ ರಕ್ಷಣಾಕೋಶಗಳು ಅದನ್ನು ಹೊರಗಿನ ವಸ್ತುವೆಂದು ಗುರುತಿಸಿ ನುಂಗುತ್ತವೆ, ಅದರಲ್ಲಿ ಒಂದು ಪಾಲು ಹತ್ತಿರದ ದುಗ್ಧಗ್ರಂಥಿಗಳನ್ನು ತಲುಪಿ ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ತೋಳಿನ ಹಚ್ಚೆಯ ಬಣ್ಣ ಕಂಕುಳಿಗೂ ಕಾಲಿನದು ತೊಡೆಸಂದಿಗೂ ಸೇರುತ್ತದೆ. ಲೇಸರ್‌ನಿಂದ ಹಚ್ಚೆ ತೆಗೆಸಿದವರಲ್ಲಿಯೂ ಒಡೆದ ಬಣ್ಣದ ಕಣಗಳು ಇದೇ ದಾರಿ ಹಿಡಿಯುವುದರಿಂದ, ಹೊರಗೆ ಗುರುತು ಕಾಣದಿದ್ದರೂ ಗ್ರಂಥಿಯಲ್ಲಿ ಬಣ್ಣ ಇರಬಹುದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯೊಂದು ಕಪ್ಪಾಗಿ ಕಂಡರೆ, ಅದು ಹರಡಿದ ಕ್ಯಾನ್ಸರೋ ಹಚ್ಚೆಯ ಬಣ್ಣವೋ ಎಂದು ಬರಿಗಣ್ಣಿನಿಂದ ಹೇಳಲಾಗದು, ಸೂಕ್ಷ್ಮದರ್ಶಕದ ಪರೀಕ್ಷೆಯೇ ಆಗಬೇಕು. ಕಂಕುಳಿನ ಗ್ರಂಥಿಯಲ್ಲಿ ಸೇರಿದ ಬಣ್ಣದ ಲೋಹಾಂಶವು ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮ್‌ನಲ್ಲಿ, ಕ್ಯಾನ್ಸರ್‌ನ ಸುಳಿವಾಗಬಲ್ಲ ಸುಣ್ಣಾಂಶದ ಚುಕ್ಕೆಗಳಂತೆ ಕಾಣಬಹುದು. ಗರ್ಭಕಂಠದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಿಗೆ ರೋಗ ಹರಡಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್‌ನಲ್ಲಿ ಗ್ರಂಥಿಗಳು ಹೊಳೆದಾಗ ರೋಗ ಹರಡಿದೆಯೆಂದು ಭಾವಿಸಲಾಗಿತ್ತು. ತೆಗೆದು ನೋಡಿದರೆ ಅಲ್ಲಿದ್ದದ್ದು ಕಾಲಿನ ಹಚ್ಚೆಗಳ ಬಣ್ಣ. 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಪ್ರಕರಣವಿದು. ಆದ್ದರಿಂದ ಕ್ಯಾನ್ಸರ್ ತಪಾಸಣೆಗೆ ಹೋದಾಗ ಬಟ್ಟೆಯೊಳಗೆ ಅಡಗಿರುವ, ಮಾಸಿಹೋದ, ತೆಗೆಸಿದ ಹಚ್ಚೆಗಳ ಬಗ್ಗೆಯೂ ದಯವಿಟ್ಟು ಹೇಳಿ.

ಮಾಯ್ದ ಹಚ್ಚೆಯ ಮೇಲಿನಿಂದ ರಕ್ತ ತೆಗೆಯಲು, ಡ್ರಿಪ್ ಹಾಕಲು ಅಡ್ಡಿಯಿಲ್ಲ. ಆದರೆ ಡ್ರಿಪ್ ಹಾಕಿದ ಜಾಗದ ಸುತ್ತ ಮೂಡುವ ಕೆಂಪು, ಹಚ್ಚೆಯ ದಟ್ಟ ಬಣ್ಣದಡಿ ಕಾಣದೇ ಹೋಗಬಹುದಾದ್ದರಿಂದ ನೋವಿದ್ದರೆ ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಹಚ್ಚೆಯಿರುವ ಬೆರಳಿನಲ್ಲಿ ಸರಿಯಾಗಿ ಓದದಿದ್ದರೆ ಬೇರೆ ಬೆರಳಿಗೋ ಕಿವಿಯ ಹಾಲೆಗೋ ಹಾಕುತ್ತೇವೆ. ಕೂದಲು ತೆಗೆಯುವ ಲೇಸರ್ ಮಾತ್ರ ಹಚ್ಚೆಯ ಮೇಲೆ ಬೇಡವೇ ಬೇಡ, ಬಣ್ಣ ಬೆಳಕನ್ನು ಹೀರಿಕೊಂಡು ಚರ್ಮ ಸುಡುತ್ತದೆ.

ಇನ್ನೂ ಹಾಕಿಸಿಕೊಳ್ಳದವರಿಗೆ ನನ್ನ ಕೋರಿಕೆ ಮಚ್ಚೆಗಳ ಬಗ್ಗೆ. ಮಚ್ಚೆಯ ಬಣ್ಣ, ಅಂಚು, ಗಾತ್ರಗಳು ಬದಲಾಗುವುದನ್ನು ನೋಡಿಯೇ ಮೆಲನೋಮವನ್ನು ಬೇಗ ಗುರುತಿಸುವುದು. ಅದರ ಮೇಲೆ ಹಚ್ಚೆ ಬರೆಸಿದರೆ ಆ ಬದಲಾವಣೆ ಚರ್ಮವೈದ್ಯರಿಗೂ ಕಾಣದಂತಾಗಬಹುದು. ಮಚ್ಚೆಯನ್ನೂ ಅದರ ಸುತ್ತಲಿನ ಚರ್ಮವನ್ನೂ ಬಿಟ್ಟು ಚಿತ್ರ ಬರೆಯುವಂತೆ ಹಚ್ಚೆ ಹಾಕುವವರಿಗೆ ಮೊದಲೇ ಹೇಳಿ, ಅನುಮಾನ ಹುಟ್ಟಿಸುವ ಮಚ್ಚೆಯಿದ್ದರೆ ಮೊದಲು ವೈದ್ಯರಿಗೆ ತೋರಿಸಿ.