ಹೊಳೆ ಬಂದಾಗ ಮೊದಲ ಹೊಣೆ ಯಾರದು?

ನವಿಲುತೀರ್ಥ ಜಲಾಶಯದಿಂದ ಮಲಪ್ರಭೆಗೆ ಹೆಚ್ಚು ನೀರು ಬಿಟ್ಟರೆ ನಮ್ಮ ಗದಗ ಜಿಲ್ಲೆಯ ಕೊಣ್ಣೂರು, ಲಖಮಾಪುರದ ಜನ ಮೊದಲು ದನಕರುಗಳ ಹಗ್ಗ ಬಿಚ್ಚಿ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಡಂಗುರ ಸಾರಿಸುವುದರಿಂದ ಹಿಡಿದು ಕಾಳಜಿ ಕೇಂದ್ರಕ್ಕೆ ಅಕ್ಕಿ, ಬೇಳೆ ಹೊಂದಿಸುವವರೆಗಿನ ಕೆಲಸ ಪಂಚಾಯಿತಿ ಮತ್ತು ಕಂದಾಯ ಇಲಾಖೆಯ ಸಿಬ್ಬಂದಿಯದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್ ವ್ಯವಸ್ಥೆಯೂ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಹೀಗಾಗಿ ಕೇಂದ್ರದ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ಬಂದು ಸೇರುವವರೆಗಿನ ಹೊಣೆ ರಾಜ್ಯದ್ದೇ, ಆ ಮೊದಲ ಕೆಲವು ತಾಸುಗಳಲ್ಲೇ ಜೀವ ಉಳಿಯುವುದು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ರಾಜ್ಯದ ಅಗ್ನಿಶಾಮಕ ಸಿಬ್ಬಂದಿ ಎನ್‌ಡಿಆರ್‌ಎಫ್ ತಂಡಗಳೊಂದಿಗೆ ದಿನಗಟ್ಟಲೆ ಅವಶೇಷಗಳನ್ನು ಸರಿಸಿದ್ದನ್ನು ಊರೇ ನೋಡಿದೆ.

ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಕೇಂದ್ರ ಶೇ 75, ಕರ್ನಾಟಕ ಶೇ 25ರಷ್ಟು ಹಣ ಹಾಕುತ್ತವೆ. ಪರಿಹಾರದ ಚೆಕ್ ಹಂಚುವಾಗ ಇರುವ ಹುರುಪು (ಫೋಟೊ ತೆಗೆಸಿಕೊಳ್ಳುವ ಹುರುಪನ್ನೂ ಸೇರಿಸಿ) ಮುಂಜಾಗ್ರತೆಯಲ್ಲಿ ಕಾಣುವುದಿಲ್ಲವೆಂಬುದು ನನ್ನ ತಕರಾರು. ಬೆಣ್ಣಿಹಳ್ಳದ ಜಾಲಿ ಕಂಟಿ ಕಡಿದು ಹೂಳು ತೆಗೆಯುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಅದಕ್ಕೆ ದಿಲ್ಲಿಯಿಂದ ಯಾವ ಪಡೆಯೂ ಬರಬೇಕಾಗಿಲ್ಲ.