ಮಾವನವರ ಇ ಡ್ರೈವ್

ಮಾವನವರು ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ತಗೊಂಡರು. ಅಡಿಕೆ ಲೆಕ್ಕದ ಎಕ್ಸೆಲ್ ಫೈಲುಗಳು ಪೆನ್‌ಡ್ರೈವ್ ಹತ್ತಿ ಬಂದವು. ಆದರೆ ವರ್ಷದ ಲೆಕ್ಕ ಕೂಡಿಸುವ ಬಟನ್ ಒತ್ತಿದರೆ ಫೈಲೇ ಇಲ್ಲ ಅಂತ ಹೇಳ್ತಿತ್ತು. ಕೊಯ್ಲಿನ ಕೂಲಿ, ಸುಲಿತದ ಖರ್ಚು, ಮಂಡಿಯ ಪಟ್ಟಿ ಎಲ್ಲವನ್ನೂ ಆ ಬಟನ್ ಹಿಂದಿನ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಮ್, ಹಳೇ ಕಂಪ್ಯೂಟರಿನಲ್ಲಿದ್ದ ಇ ಅನ್ನೋ ಡ್ರೈವಿನಲ್ಲೇ ಹುಡುಕುತ್ತದೆ. ಹೊಸದರಲ್ಲಿ ಇರೋದು ಸಿ ಒಂದೇ. ಮ್ಯಾಕ್ರೋ ತಿದ್ದೋಣ ಅಂದರೆ ಅದಕ್ಕೆ ಪಾಸ್‌ವರ್ಡ್ ಹಾಕಿದೆ. ಬರೆದುಕೊಟ್ಟ ಹುಡುಗ ಊರಲ್ಲೇ ಇಲ್ಲ.

"ಅಳಿಯಂದ್ರೇ, ಇ ಎಲ್ಲಿ ಹೋಯ್ತು?"

ಸಿಯನ್ನೇ ಒಡೆದು ಪಾಲು ಮಾಡಬಹುದಿತ್ತು. ಹೊಸ ಲ್ಯಾಪ್‌ಟಾಪಿಗೆ ಅಷ್ಟೆಲ್ಲ ಕೈ ಹಾಕೋದು ನನಗೆ ಇಷ್ಟವಿರಲಿಲ್ಲ. ಸಬ್‌ಸ್ಟ್ ಕಮಾಂಡ್ ಕೊಟ್ಟರೆ ಒಂದು ಫೋಲ್ಡರೇ ಇ ಅಂತ ಕಾಣುತ್ತದೆ. ಆದರೆ ಇಡೀ ಲೆಕ್ಕ ಒಂದೇ ಫೈಲಿನೊಳಗೆ ಇದ್ದರೆ ಎತ್ತಿಡೋದು ಸುಲಭ ಅಲ್ವಾ? ಅದಕ್ಕೇ ವರ್ಚುವಲ್ ಡಿಸ್ಕ್ ಮಾಡಿದೆ, ಅಂದರೆ ಸಿಯಲ್ಲಿರೋ ಒಂದು ಫೈಲೇ ಬೇರೆ ಡಿಸ್ಕಿನ ಹಾಗೆ ಕಾಣುತ್ತದೆ. ವಿಂಡೋಸ್ 7ರಿಂದಲೂ ಇದು ಒಳಗೇ ಇದೆ, ಬೇರೆ ಸಾಫ್ಟ್‌ವೇರ್ ಬೇಡ.

ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಆಕ್ಷನ್ ಮೆನುವಿನಲ್ಲಿ ಕ್ರಿಯೇಟ್ ವಿಎಚ್‌ಡಿ (ವರ್ಚುವಲ್ ಹಾರ್ಡ್ ಡಿಸ್ಕ್) ಆರಿಸಿದೆ. ಗಾತ್ರ 20 ಜಿಬಿ, ಫೈಲಿನ ಬಗೆ ವಿಎಚ್‌ಡಿಎಕ್ಸ್, ಅದೂ ಬೇಕಾದಷ್ಟೇ ಬೆಳೆಯುವಂಥದ್ದು. ಕೆಳಗೆ ತಿಳಿನೀಲಿ ಗುರುತಿನ ಹೊಸ ಡಿಸ್ಕ್ ಬಂತು, ಪಕ್ಕದಲ್ಲಿ ಖಾಲಿ ಜಾಗದ ಕಪ್ಪು ಪಟ್ಟಿ. ಇನಿಷಿಯಲೈಸ್ ಮಾಡಿ (ಬಳಕೆಗೆ ಸಿದ್ಧ ಮಾಡಿ) ಡಿಸ್ಕಿನ ಭಾಗಗಳನ್ನು ಗುರುತಿಡೋ ಬಗೆ ಜಿಪಿಟಿ ಅಂತ ಕೊಟ್ಟೆ. ವಾಲ್ಯೂಮ್, ಅಂದರೆ ಡ್ರೈವ್ ಮಾಡೋವಾಗ ನೋಡಿದರೆ ಅದಕ್ಕೆ ಹೆಸರಿಡೋ ಅಕ್ಷರಗಳ ಪಟ್ಟಿಯಲ್ಲಿ ಇ ಇಲ್ಲ! ಚುಚ್ಚಿದ್ದ ಪೆನ್‌ಡ್ರೈವೇ ಅದನ್ನು ಹಿಡಿದು ಕೂತಿತ್ತು. ಕಿತ್ತ ಮೇಲೆ ಸಿಕ್ಕಿತು. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲು ಜೋಡಿಸಿಡೋ ಬಗೆ) ಫಾರ್ಮ್ಯಾಟ್ ಮುಗಿದು ಕಪ್ಪು ಪಟ್ಟಿ ನೀಲಿಯಾಯಿತು. ಹಳೇ ಹೆಸರಿನಲ್ಲೇ ಫೋಲ್ಡರ್ ಮಾಡಿ ಫೈಲುಗಳನ್ನು ಹಾಕಿದೆ. ಬಟನ್ ಒತ್ತಿದ ಕೂಡಲೇ ಒಟ್ಟು ಮೊತ್ತ ಬಂತು. ಮಾವ ತಮ್ಮ ಪುಸ್ತಕದ ಅಂಕಿಗೆ ತಾಳೆ ನೋಡಿಯೇ ತಲೆಯಾಡಿಸಿದರು.

ಇ ಡ್ರೈವ್ 20 ಜಿಬಿ ಅಂತ ತೋರಿಸುತ್ತಿದ್ದರೂ ಸಿಯಲ್ಲಿದ್ದ ಫೈಲ್ ಒಂದು ಜಿಬಿಯೂ ಆಗಿರಲಿಲ್ಲ. ಮಾವನವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಇಲ್ಲದ ಜಾಗ ತೋರಿಸೋದು ಮೋಸ ಅಲ್ವಾ?" ಅಂದರು. ಬ್ಯಾಂಕಿನಲ್ಲಿ ಸಾಲದ ಮಿತಿ ಮಂಜೂರಾಗಿರುತ್ತಲ್ಲ, ತೆಗೆದಷ್ಟೇ ಲೆಕ್ಕಕ್ಕೆ ಬರುತ್ತೆ, ಹಾಗೇ ಅಂದೆ. ಸುಮ್ಮನಾದರು.

ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರೆ ಇ ಮಾಯವಾಗುತ್ತದೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮತ್ತೆ ಬರುತ್ತದೆ. ಲ್ಯಾಪ್‌ಟಾಪಿನ ಮೊದಲ ಪರದೆ ಮೇಲೇ ಅದಕ್ಕೊಂದು ಶಾರ್ಟ್‌ಕಟ್ ಇಟ್ಟುಕೊಟ್ಟೆ. ಅಸಲಿ ಡಿಸ್ಕ್ ಹೋದರೆ ಇದೂ ಹೋಗುತ್ತೆ, ಹಾಗಾಗಿ ತಿಂಗಳಿಗೊಮ್ಮೆ ಇ ಡ್ರೈವನ್ನು ಇಜೆಕ್ಟ್ ಮಾಡಿ ಆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಂದಿದ್ದೇನೆ. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಅಡಿಕೆ ಲೆಕ್ಕ ಅಷ್ಟು ಬೆಳೆಯೋ ಹೊತ್ತಿಗೆ ಮೊಮ್ಮಗ ನೋಡಿಕೊಳ್ತಾನೆ ಬಿಡಿ ಅಂತ ಮಾವನೇ ಹೇಳಿದರು.